ಸೋಡಾ ಜಾಹೀರಾತು ನೋಡಿ ಹುಡುಗ ವಿಸ್ಕಿ ಅಂದದ್ದು ಹೇಗೆ?

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಒಂದು ಸೋಡಾ ಜಾಹೀರಾತು ಬಂತು. "ಅಮ್ಮಾ, ಇದು ವಿಸ್ಕಿದು" ಅಂದ. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಜಾಹೀರಾತಿನಲ್ಲಿ ವಿಸ್ಕಿ ಬಾಟಲಿಯೂ ಇರಲಿಲ್ಲ, ಆ ಮಾತೂ ಬರಲಿಲ್ಲ. ಕಣ್ಣಿಗೆ ಕಾಣದಷ್ಟು ವೇಗವಾಗಿ ಗುಪ್ತ ಸಂದೇಶ ತೋರಿಸಿ ಒಳಮನಸ್ಸಿಗೆ ಇಳಿಸುತ್ತಾರೆ ಎಂದು ಒಂದು ವಿಡಿಯೊದಲ್ಲಿ ನೋಡಿದ್ದೆ. ಅದು ನಿಜವೇ? ಮಗನಿಗೆ ಆಗಿದ್ದು ಅದೇನಾ? ನಾವೇನು ಮಾಡಬಹುದು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗನ ಕಣ್ಣು ತಪ್ಪಿಸಿ ಯಾರೂ ಏನನ್ನೂ ತೋರಿಸಿಲ್ಲ. ಎಲ್ಲವನ್ನೂ ಅವನ ಕಣ್ಣೆದುರಿಗೇ ಇಟ್ಟರು, ಒಂದು ಮಾತನ್ನು ಮಾತ್ರ ಹೇಳದೆ ಬಿಟ್ಟರು. ಆ ಮಾತನ್ನು ಅವನು ಹೇಳಿದ. ಜಾಹೀರಾತಿನ ಗುಟ್ಟು ಇರುವುದು ಅಲ್ಲೇ. ಮಿಂಚಿ ಮಾಯವಾಗುವ ಸಂದೇಶಗಳಿಗಿಂತ ಇದರ ಬಗ್ಗೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ನೀವು ನೋಡಿದ ವಿಡಿಯೊದ ಕಥೆ ಎಲ್ಲಿಂದ ಬಂತು ಎಂದು ತಿಳಿದಿರಲಿ. 1957ರ ಸೆಪ್ಟೆಂಬರ್‌ನಲ್ಲಿ ಜೇಮ್ಸ್ ವಿಕರಿ ಎಂಬ ಅಮೆರಿಕದ ಮಾರುಕಟ್ಟೆ ಸಂಶೋಧಕ ನ್ಯೂಯಾರ್ಕ್‌ನಲ್ಲಿ ಪತ್ರಕರ್ತರನ್ನು ಕರೆಸಿದ. ನ್ಯೂಜೆರ್ಸಿಯ ಫೋರ್ಟ್ ಲೀ ಎಂಬ ಊರಿನ ಟಾಕೀಸಿನಲ್ಲಿ ಆರು ವಾರ ಒಂದು ಪ್ರಯೋಗ ಮಾಡಿದ್ದೇನೆ ಎಂದ. ಸಿನಿಮಾ ಓಡುತ್ತಿರುವಾಗಲೇ ಐದು ಸೆಕೆಂಡಿಗೊಮ್ಮೆ "ಪಾಪ್‌ಕಾರ್ನ್ ತಿನ್ನಿ", "ಕೋಕಾ-ಕೋಲಾ ಕುಡಿಯಿರಿ" ಎಂಬ ಸಾಲುಗಳನ್ನು ಪರದೆಯ ಮೇಲೆ ಮಿಂಚಿಸಿದನಂತೆ. ಪ್ರತಿ ಸಾಲು ಪರದೆಯ ಮೇಲೆ ಇದ್ದದ್ದು ಸೆಕೆಂಡಿನ ಮೂರು ಸಾವಿರದಲ್ಲಿ ಒಂದು ಭಾಗ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಿನಿಮಾ ನೋಡಿದವರು 45,699 ಜನ. ಪಾಪ್‌ಕಾರ್ನ್ ಮಾರಾಟ ಶೇ 57ಕ್ಕೂ ಜಾಸ್ತಿ ಏರಿತು, ಕೋಲಾ ಶೇ 18ರಷ್ಟು ಏರಿತು ಎಂದು ಲೆಕ್ಕ ಒಪ್ಪಿಸಿದ.

ಜನ ಬೆಚ್ಚಿಬಿದ್ದರು. ಅದು ಶೀತಲ ಸಮರದ ಕಾಲ. ಕೊರಿಯಾ ಯುದ್ಧದ ನಂತರ 'ಬ್ರೇನ್‌ವಾಶ್' ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಇಂದು ಪಾಪ್‌ಕಾರ್ನ್ ತಿನ್ನಿ ಅಂದವರು ನಾಳೆ ಇಂಥವರಿಗೇ ಓಟು ಹಾಕಿ ಅಂದರೆ ಏನು ಗತಿ ಎಂದು ಪತ್ರಿಕೆಗಳು ಬರೆದವು. ವಿಕರಿ ಅಷ್ಟರಲ್ಲಿ ಈ ತಂತ್ರವನ್ನು ಮಾರಲು ಒಂದು ಕಂಪನಿಯನ್ನೇ ತೆರೆದಿದ್ದ.

ಆದರೆ ಬೇರೆಯವರು ಅದೇ ಕೆಲಸ ಮಾಡಿ ನೋಡಿದಾಗ ಏನೂ ಆಗಲಿಲ್ಲ. ಪ್ರಯೋಗದ ಪೂರ್ತಿ ವಿವರವನ್ನು ವಿಕರಿ ಎಲ್ಲೂ ಪ್ರಕಟಿಸಲೂ ಇಲ್ಲ. 1962ರಲ್ಲಿ 'ಅಡ್ವರ್ಟೈಸಿಂಗ್ ಏಜ್' ಪತ್ರಿಕೆಯ ಸಂದರ್ಶನದಲ್ಲಿ ಬಾಯಿಬಿಟ್ಟ. ತನ್ನ ಹತ್ತಿರ ಇದ್ದ ಮಾಹಿತಿ ಯಾತಕ್ಕೂ ಸಾಲದಷ್ಟು ಕಮ್ಮಿ, ಇಡೀ ವಿಷಯ ಒಂದು ಗಿಮಿಕ್ ಎಂದು ಒಪ್ಪಿಕೊಂಡ. ಆ ಹೊತ್ತಿಗೆ ಕಥೆ ಲೋಕವೆಲ್ಲ ಸುತ್ತಿಯಾಗಿತ್ತು. ಈಗ ನಿಮ್ಮ ಫೋನಿಗೂ ಬಂದಿದೆ.

ಈ ಕಥೆಯ ಜೊತೆಗೆ ನಾನು ತರಗತಿಯಲ್ಲಿ ತಪ್ಪದೆ ಹೇಳುವ ಇನ್ನೊಂದು ಘಟನೆ ಇದೆ. 1958ರ ಆರಂಭದಲ್ಲಿ ಕೆನಡಾದ ಸರ್ಕಾರಿ ಟಿವಿ ಸಿಬಿಸಿ, 'ಕ್ಲೋಸ್-ಅಪ್' ಎಂಬ ಕಾರ್ಯಕ್ರಮದ ನಡುವೆ "ಈಗಲೇ ಫೋನ್ ಮಾಡಿ" ಎಂಬ ಸಾಲನ್ನು 352 ಸಲ ಮಿಂಚಿಸಿತು. ಫೋನ್ ಕರೆಗಳು ಒಂದಿಷ್ಟೂ ಹೆಚ್ಚಲಿಲ್ಲ. ಗುಪ್ತ ಸಂದೇಶ ತೋರಿಸಿದ್ದೇವೆ, ಏನೆಂದು ಬರೆದು ತಿಳಿಸಿ ಎಂದು ಆಮೇಲೆ ನೋಡುಗರನ್ನು ಕೇಳಿದರು. ನೂರಾರು ಪತ್ರ ಬಂದವು. ಒಬ್ಬರೂ ಸರಿಯಾಗಿ ಊಹಿಸಲಿಲ್ಲ. ಬರೆದವರಲ್ಲಿ ಸುಮಾರು ಅರ್ಧದಷ್ಟು ಜನ, ಕಾರ್ಯಕ್ರಮ ನೋಡುವಾಗ ನಮಗೆ ಹಸಿವಾಯಿತು, ಬಾಯಾರಿಕೆಯಾಯಿತು ಎಂದಿದ್ದರು! ಯಾಕೆ ಅಂದರೆ ವಿಕರಿಯ ಪಾಪ್‌ಕಾರ್ನ್ ಕಥೆ ಅವರಿಗೆ ಮೊದಲೇ ಗೊತ್ತಿತ್ತು. ಗುಪ್ತ ಸಂದೇಶ ಕೆಲಸ ಮಾಡಲಿಲ್ಲ. ಗುಪ್ತ ಸಂದೇಶದ ಬಗ್ಗೆ ಕೇಳಿದ್ದ ಮಾತು ಕೆಲಸ ಮಾಡಿತು.

ಹಾಗಾದರೆ ಎಲ್ಲ ಸುಳ್ಳಾ? ಪೂರ್ತಿ ಸುಳ್ಳು ಎನ್ನಲೂ ಆಗದು. ಕಣ್ಣು ಗುರುತಿಸಲಾಗದಷ್ಟು ಸಣ್ಣ ಹೊತ್ತು ತೋರಿಸಿದ ಆಕಾರಗಳು ಆಮೇಲೆ ನಮಗೆ ತುಸು ಇಷ್ಟವಾಗುತ್ತವೆ ಎಂದು 1980ರಲ್ಲಿ ಕುನ್ಸ್ಟ್-ವಿಲ್ಸನ್ ಮತ್ತು ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದರು. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಕಾರೆಮನ್ಸ್ ಮತ್ತು ಜೊತೆಗಾರರು ಕಂಪ್ಯೂಟರ್ ಪರದೆಯ ಮೇಲೆ ಲಿಪ್ಟನ್ ಐಸ್ ಎಂಬ ತಂಪು ಚಹಾದ ಹೆಸರನ್ನು ಹೀಗೇ ಮಿಂಚಿಸಿ, ಆಮೇಲೆ ಯಾವ ಪಾನೀಯ ಬೇಕು ಎಂದು ಕೇಳಿದರು. ಹೆಸರು ನೋಡಿದವರಲ್ಲಿ ಅದನ್ನೇ ಆರಿಸಿದವರು ಜಾಸ್ತಿ. ಆದರೆ ಈಗಾಗಲೇ ಬಾಯಾರಿದ್ದವರಲ್ಲಿ ಮಾತ್ರ! ಬಾಯಾರಿಕೆ ಇಲ್ಲದವರ ಮೇಲೆ ಪರಿಣಾಮವೇ ಇರಲಿಲ್ಲ. ಇಲ್ಲದ ಆಸೆಯನ್ನು ಅದು ಹುಟ್ಟಿಸಲಿಲ್ಲ, ಇದ್ದ ಬಾಯಾರಿಕೆಯನ್ನು ಒಂದು ಹೆಸರಿನ ಕಡೆ ಸ್ವಲ್ಪ ತಿರುಗಿಸಿತು, ಅಷ್ಟೇ. ಇದೂ ಪ್ರಯೋಗಾಲಯದಲ್ಲಿ, ಪರದೆಯನ್ನೇ ದಿಟ್ಟಿಸಿ ಕೂತವರ ವಿಷಯ. ಮಕ್ಕಳ ಗಲಾಟೆ, ಕುಕ್ಕರ್ ವಿಸಿಲ್ ನಡುವೆ ಟಿವಿ ನೋಡುವ ಮನೆಯಲ್ಲಿ ಇದು ನಡೆಯುವುದು ಕಷ್ಟ. ನಡೆಯಲಿ, ಬಿಡಲಿ, ಇಂಥ ತಂತ್ರ ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಅಮೆರಿಕದಲ್ಲಿ ಟಿವಿ, ರೇಡಿಯೊ ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1974ರಲ್ಲೇ ಹೇಳಿತು. ಬ್ರಿಟನ್ನಿನ ಪ್ರಸಾರ ನಿಯಮಗಳಲ್ಲೂ ಇದಕ್ಕೆ ಜಾಗವಿಲ್ಲ. ಅದು ಸರಿಯಾದ ತೀರ್ಮಾನವೇ.

ಈಗ ನಿಮ್ಮ ಮಗನ ವಿಷಯಕ್ಕೆ ಬರೋಣ.

ನಮ್ಮ ದೇಶದಲ್ಲಿ ಕೇಬಲ್ ಟಿವಿ ನಿಯಮಗಳಿಗೆ 2000ದಲ್ಲಿ ತಿದ್ದುಪಡಿ ತಂದು ಮದ್ಯ ಮತ್ತು ತಂಬಾಕಿನ ಜಾಹೀರಾತನ್ನು ನಿಲ್ಲಿಸಿದರು. ತಂಬಾಕಿಗೆ 2003ರಲ್ಲಿ ಬೇರೆಯದೇ ಕಾನೂನು ಬಂತು. ಕಂಪನಿಗಳು ಸುಮ್ನೆ ಕೂರಲಿಲ್ಲ. ಅದೇ ಹೆಸರಿನಲ್ಲಿ ಸೋಡಾ, ಕುಡಿಯುವ ನೀರು, ಮ್ಯೂಸಿಕ್ ಸಿಡಿ, ಗ್ಲಾಸು, ಇಸ್ಪೀಟು ಎಲೆ ಹೊರಬಂದವು. ಪಾನ್ ಮಸಾಲಾ ಹೆಸರಿನಲ್ಲಿ ಏಲಕ್ಕಿ ಬಂತು. ಇದಕ್ಕೆ ಸರೋಗೇಟ್ ಜಾಹೀರಾತು ಎನ್ನುತ್ತಾರೆ. ಮಾರುವುದು ಒಂದು, ತೋರಿಸುವುದು ಇನ್ನೊಂದು.

ಇಂಥ ಒಂದು ಸೋಡಾ ಜಾಹೀರಾತನ್ನು ನಿಧಾನವಾಗಿ ನೋಡಿ. ಸಂಜೆ ಹೊತ್ತು, ಬಂಗಾರದ ಬಣ್ಣದ ಬೆಳಕು. ಮಹಡಿ ಮೇಲೆ ನಾಲ್ಕೈದು ಗೆಳೆಯರು, ಎಲ್ಲರೂ ಮೂವತ್ತರ ಆಸುಪಾಸು. ಗಾಜಿನೊಳಗೆ ಐಸ್ ಬೀಳುವ ಸದ್ದು. ಯಾರೋ ಒಬ್ಬ ಗೆದ್ದು ಬಂದಿದ್ದಾನೆ, ಉಳಿದವರು ಅವನ ಬೆನ್ನು ತಟ್ಟುತ್ತಾರೆ. ಗಡಸು ದನಿಯಲ್ಲಿ ಗೆಳೆತನದ ಬಗ್ಗೆಯೋ ಧೈರ್ಯದ ಬಗ್ಗೆಯೋ ಒಂದು ಸಾಲು. ಕೊನೆಯ ಕ್ಷಣ ಹೆಸರು ಬರುತ್ತದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಸೋಡಾ' ಎಂದಿರುತ್ತದೆ. ಬರೀ ಸೋಡಾ ಕುಡಿಯಲು ಯಾರಾದರೂ ಹೀಗೆ ಮಹಡಿ ಮೇಲೆ ಸೇರುತ್ತಾರಾ? ಸೋಡಾ ರುಚಿ ಹೇಗಿದೆ, ಬೆಲೆ ಎಷ್ಟು ಎಂಬ ಮಾತು ಒಂದೂ ಇಲ್ಲ. ಅಕ್ಷರದ ಆಕಾರ, ಬಣ್ಣ, ಲಾಂಛನ ಮಾತ್ರ ವಿಸ್ಕಿ ಬಾಟಲಿಯಲ್ಲಿ ಇದ್ದ ಹಾಗೇ ಇರುತ್ತವೆ.

ನಿಮ್ಮ ಮಗ ಶಾಲೆಗೆ ಹೋಗುವ ದಾರಿಯಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡೋ ಎಂಎಸ್‌ಐಎಲ್ ಅಂಗಡಿಯೋ ಇರಬಹುದು. ಅದೇ ಅಕ್ಷರ, ಅದೇ ಬಣ್ಣ ಅಲ್ಲಿ ಕಂಡಿರಬಹುದು. ಇಲ್ಲವೇ ಕ್ಲಾಸಿನ ಗೆಳೆಯ ಹೇಳಿರಬಹುದು. ಎರಡನ್ನೂ ಜೋಡಿಸುವುದು ಹತ್ತು ವರ್ಷದ ಹುಡುಗನಿಗೆ ಕಷ್ಟವಲ್ಲ. ಚುಕ್ಕಿ ಮಾತ್ರ ಇಟ್ಟ ರಂಗೋಲಿ ಕಂಡರೆ ಗೆರೆ ಎಳೆಯಲು ನಮ್ಮ ಕೈ ತಾನಾಗಿ ಹೋಗುತ್ತದೆ ಅಲ್ವಾ, ಜಾಹೀರಾತು ಬರೆಯುವವರು ನಂಬಿ ಕೂತಿರುವುದು ಆ ಕೈಯನ್ನೇ.

ಈ ದಾರಿಗೆ ಇಷ್ಟು ಬಲ ಯಾಕೆ? ಬಾಯಿಬಿಟ್ಟು ಹೇಳಿದ ಮಾತಿಗೆ ನಾವು ಎದುರು ಮಾತಾಡುತ್ತೇವೆ. "ನಮ್ಮ ವಿಸ್ಕಿ ಕುಡಿದರೆ ನೀವು ಗಂಡಸರ ನಡುವೆ ಗಂಡಸು" ಎಂದು ನೇರವಾಗಿ ಹೇಳಲಿ, ಯಾರಾದರೂ ನಗುತ್ತಾರೆ. ಅದನ್ನೇ ಹೇಳದೆ ತೋರಿಸಿದರೆ ನಗಲು ಒಂದು ವಾಕ್ಯವೇ ಇರುವುದಿಲ್ಲ. ತೀರ್ಮಾನ ನಮ್ಮ ತಲೆಯಲ್ಲೇ ಹುಟ್ಟುತ್ತದೆ. ನಮ್ಮದೇ ಯೋಚನೆ ಎನಿಸಿದ್ದರ ಜೊತೆ ನಾವು ಜಗಳಕ್ಕೆ ಇಳಿಯುವುದಿಲ್ಲ. ಸುಳ್ಳು ಹೇಳಿದ್ದಾರೆ ಎಂದು ಕೋರ್ಟಿಗೆ ಹೋಗೋಣ ಅಂದರೂ ಅವರು ಏನನ್ನೂ ಹೇಳಿರುವುದಿಲ್ಲ.

ಇದರ ಜೊತೆಗೆ ಪರಿಚಯದ ಬಲ ಸೇರುತ್ತದೆ. ಅರ್ಥವಾಗದ ಅಕ್ಷರಗಳನ್ನೇ ಆದರೂ ಮತ್ತೆ ಮತ್ತೆ ನೋಡಿದರೆ ಜನರಿಗೆ ಅವು ಒಳ್ಳೆಯವು ಎನಿಸತೊಡಗುತ್ತವೆ ಎಂದು ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದರು. ಒಂದು ಮ್ಯಾಚಿನಲ್ಲಿ ಒಂದೇ ಜಾಹೀರಾತು ಎಷ್ಟು ಸಲ ಬರುತ್ತದೆ ಎಂದು ಮಗನ ಜೊತೆ ಕೂತು ಒಮ್ಮೆ ಎಣಿಸಿ. ಅವನಿಗೆ ಇಪ್ಪತ್ತೊಂದು, ಇಪ್ಪತ್ತೆರಡು ಆಗುವ ಹೊತ್ತಿಗೆ ಆ ಹೆಸರು ಹಳೇ ಗೆಳೆಯನ ಹೆಸರಾಗಿರುತ್ತದೆ. ಕಂಪನಿಗೆ ಬೇಕಾದದ್ದು ಅಷ್ಟೇ. ಇಂದೇ ಅವನು ಕೊಳ್ಳಲಿ ಎಂದು ಅವರಿಗೆ ಆತುರವಿಲ್ಲ.

ಕನ್ನಡಿಗರಾದ ನಾವು ಒಂದು ವಿಷಯವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಮಾತಾಡಬೇಕು. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡ ಕೊಂಡದ್ದು ವಿಜಯ್ ಮಲ್ಯ ಅವರ ಯುಬಿ ಗುಂಪು. ತಂಡಕ್ಕೆ ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಬಂದದ್ದು ಅದೇ ಗುಂಪಿನ ರಾಯಲ್ ಚಾಲೆಂಜ್ ವಿಸ್ಕಿಯಿಂದ. ಇದು ಗುಟ್ಟೇನಲ್ಲ, ಆಗಲೇ ಎಲ್ಲ ಕಡೆ ಬರೆದಿದ್ದರು. 2024ರಲ್ಲಿ ಹೆಸರಿನ ಕೊನೆಯ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು, ನಮಗೆಲ್ಲ ಖುಷಿಯಾಯಿತು. ಮೊದಲಿನ ಎರಡು ಪದ ಹಾಗೇ ಉಳಿದವು. ನಾನೂ ಈ ತಂಡದ ಅಭಿಮಾನಿ. 2025ರಲ್ಲಿ ಕಪ್ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ. ಆ ಪ್ರೀತಿ ನಿಜವಾದದ್ದು, ಆಟಗಾರರ ಶ್ರಮವೂ ನಿಜ. ಅದಕ್ಕೇ ಇದು ಇಷ್ಟು ಪರಿಣಾಮಕಾರಿ. ಮಕ್ಕಳು ಜರ್ಸಿ ಹಾಕಿಕೊಂಡು, ಕೆನ್ನೆಗೆ ಬಣ್ಣ ಹಚ್ಚಿಕೊಂಡು ಕೂಗುವ ಹೆಸರಿನೊಳಗೆ ಒಂದು ವಿಸ್ಕಿಯ ಹೆಸರಿದೆ. ಯಾವ ಟಿವಿ ಜಾಹೀರಾತಿಗೂ ಇಷ್ಟು ಅಕ್ಕರೆ ಸಿಗುವುದಿಲ್ಲ. ತಂಡವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಹೆಸರು ಎಲ್ಲಿಂದ ಬಂತು ಎಂದು ಮಗನಿಗೆ ತಿಳಿಸಿ, ಅಷ್ಟು ಸಾಕು.

ಹೇಳದೆ ಹೇಳುವುದು ಮದ್ಯಕ್ಕೆ ಮಾತ್ರ ಸೀಮಿತವಲ್ಲ. ಇದರಿಂದ ಅತಿ ದೊಡ್ಡ ಗಾಯ ಆಗಿರುವುದು ನಮ್ಮ ಹೆಣ್ಣುಮಕ್ಕಳಿಗೆ ಎಂದು ನನಗನಿಸುತ್ತದೆ. ಫೇರ್ ಅಂಡ್ ಲವ್ಲಿ 1975ರಿಂದ ಮಾರುಕಟ್ಟೆಯಲ್ಲಿದೆ. ಹಳೆಯ ಜಾಹೀರಾತುಗಳ ಕಥೆ ನಿಮಗೂ ನೆನಪಿರಬಹುದು. ಕಪ್ಪಗಿದ್ದಾಗ ಕೆಲಸ ಇಲ್ಲ, ಮದುವೆ ಇಲ್ಲ, ಅಪ್ಪನ ಮುಖದಲ್ಲಿ ಚಿಂತೆ. ಬೆಳ್ಳಗಾದ ಮೇಲೆ ಎಲ್ಲ ಕೈಗೂಡುತ್ತದೆ. ಕಪ್ಪು ಹುಡುಗಿ ಕೈಲಾಗದವಳು ಎಂಬ ವಾಕ್ಯ ಎಲ್ಲೂ ಇಲ್ಲ. ಅದನ್ನು ಪೂರ್ತಿ ಮಾಡಿದ್ದು ಮನೆಮನೆಯ ಅತ್ತೆಯರು, ಚಿಕ್ಕಮ್ಮಂದಿರು, ಕನ್ನಡಿ ಮುಂದೆ ನಿಂತ ಹುಡುಗಿಯರೇ. ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಹೋರಾಡಿದ ಮೇಲೆ 2003ರಲ್ಲಿ ಅಂಥ ಒಂದು ಜಾಹೀರಾತು ನಿಂತಿತು. 2020ರಲ್ಲಿ ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾದಷ್ಟು ಬೇಗ ತಲೆಯೊಳಗಿನ ಮಾತು ಬದಲಾಗುವುದಿಲ್ಲ. ವಧು ಬೇಕಾಗಿದ್ದಾಳೆ ಜಾಹೀರಾತುಗಳಲ್ಲಿ ಬಣ್ಣದ ಮಾತು ಈಗಲೂ ಇದೆ.

ಮಕ್ಕಳಿಗೆ ಹಾಲಲ್ಲಿ ಕಲಸಿ ಕೊಡುವ ಪುಡಿಗಳೂ ಇದೇ ಸಾಲಿಗೆ ಸೇರುತ್ತವೆ. ಡಬ್ಬಿಯ ಮೇಲೆ ಎತ್ತರ ಜಿಗಿಯುವ ಹುಡುಗ, ಅವನನ್ನು ನೋಡಿ ಹೆಮ್ಮೆಪಡುವ ಅಮ್ಮ. ಇದನ್ನು ಕೊಡದ ಅಮ್ಮ ಎಂಥವಳು ಎಂಬ ಪ್ರಶ್ನೆ ಅಲ್ಲಿ ಬರೆದಿರುವುದಿಲ್ಲ, ನಿಮ್ಮ ಎದೆಯಲ್ಲಿ ಏಳುತ್ತದೆ. ನಮ್ಮ ಆಹಾರ ಸುರಕ್ಷತೆ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. ಹೀಗಾಗಿ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಎಂದು ಬರೆದಿರುತ್ತದೆ. ಮುಂದಿನ ಚಿತ್ರಕ್ಕಿಂತ ಆ ಸಾಲು ಮುಖ್ಯ.

ಅಂಗಡಿಯಲ್ಲೂ ನಮ್ಮ ಗಮನಕ್ಕೆ ಬಾರದ ಸೂಚನೆಗಳು ಇರುತ್ತವೆ. ಬ್ರಿಟನ್ನಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ವೈನ್ ಕಪಾಟಿನ ಹತ್ತಿರ ಒಂದು ದಿನ ಫ್ರೆಂಚ್ ಸಂಗೀತ, ಇನ್ನೊಂದು ದಿನ ಜರ್ಮನ್ ಸಂಗೀತ ಹಾಕಿದರು. 1997ರಲ್ಲಿ ಪ್ರಕಟವಾದ ಅಧ್ಯಯನ ಇದು. ಫ್ರೆಂಚ್ ಸಂಗೀತ ಇದ್ದಾಗ 40 ಬಾಟಲಿ ಫ್ರೆಂಚ್ ವೈನ್ ಹೋಯಿತು, ಜರ್ಮನ್ ವೈನ್ ಬರೀ 8. ಜರ್ಮನ್ ಸಂಗೀತ ಇದ್ದಾಗ ಜರ್ಮನ್ 22, ಫ್ರೆಂಚ್ 12. ಕೊಂಡವರಲ್ಲಿ 44 ಜನರನ್ನು ಮಾತಾಡಿಸಿದರೆ ಸಂಗೀತದಿಂದ ಕೊಂಡೆ ಎಂದವರು 6 ಜನ ಮಾತ್ರ. ಸಣ್ಣ ಅಧ್ಯಯನ, ನಿಜ. ಆದರೆ ಆ ಸಂಗೀತ ಎಲ್ಲರ ಕಿವಿಗೂ ಬಿದ್ದಿತ್ತು ಎನ್ನುವುದನ್ನು ಗಮನಿಸಿ. ಕೇಳಿಸದ್ದೇನೂ ಅಲ್ಲಿರಲಿಲ್ಲ. ಒಂಬತ್ತರಲ್ಲಿ ಮುಗಿಯುವ 99, 499 ಎಂಬ ರೇಟುಗಳ ಕಥೆಯೂ ಹೀಗೇ. ಅಮೆರಿಕದ ಒಂದು ಕ್ಯಾಟಲಾಗ್ ಪ್ರಯೋಗದಲ್ಲಿ ಒಂದೇ ಉಡುಪು 34 ಡಾಲರ್‌ಗಿಂತ 39 ಡಾಲರ್‌ಗೆ ಜಾಸ್ತಿ ಮಾರಾಟವಾಯಿತು.

ಫೋನಿನ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಪತ್ರವೇ ಬೇಕು. ಚುಟುಕಾಗಿ ಹೇಳುತ್ತೇನೆ. "ಎರಡೇ ಉಳಿದಿವೆ" ಎಂಬ ಸುಳ್ಳು ಅವಸರ, ಕೇಳದೆ ಬಿಲ್ಲಿಗೆ ಸೇರುವ ವಿಮೆ, ಜಾಹೀರಾತೆಂದು ಗೊತ್ತಾಗದ ಜಾಹೀರಾತು, ಇಂಥ 13 ಬಗೆಯ ಮೋಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಸಿ ನಿಷೇಧಿಸಿದೆ. ಮಗ ನೋಡುವ ಗೇಮ್ ವಿಡಿಯೊಗಳಲ್ಲಿ ಅಣ್ಣನ ಹಾಗೆ ಮಾತಾಡುತ್ತ ಒಂದು ಆ್ಯಪ್ ಹೊಗಳುವವರು ಇರುತ್ತಾರೆ. ದುಡ್ಡು ಪಡೆದು ಹೊಗಳುತ್ತಿದ್ದರೆ ಅದನ್ನು ಎದ್ದು ಕಾಣುವ ಹಾಗೆ ಹೇಳಲೇಬೇಕು ಎಂಬ ನಿಯಮ ಇದೆ. ಹೇಳಿದ್ದಾರಾ ಎಂದು ನೋಡಿ.

ಈಗ ನೀವೇನು ಮಾಡಬಹುದು? ಮಗ ಅಂದದ್ದಕ್ಕೆ ಗಾಬರಿಯಾಗಬೇಡಿ, ಗದರಲೂಬೇಡಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತಿನ ಉದ್ದೇಶವೇ ತಿಳಿಯುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಿತಿ 2004ರಲ್ಲಿ ವರದಿ ಕೊಟ್ಟಿತ್ತು. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ, ಮುಚ್ಚಿಟ್ಟದ್ದನ್ನು ಜೋರಾಗಿ ಹೇಳಿಯೂಬಿಟ್ಟ. ಅವನು ಹೀಗೆ ಹೇಳುತ್ತಲೇ ಇರಲಿ. "ನಿಂಗೆ ಹೇಗೆ ಗೊತ್ತಾಯ್ತು?" ಎಂದು ಸಲುಗೆಯಿಂದ ಕೇಳಿ. ಯಾವ ಬಣ್ಣ, ಯಾವ ಅಕ್ಷರ, ಎಲ್ಲಿ ನೋಡಿದ್ದ ಎಂದು ಅವನು ಬಿಡಿಸಿ ಹೇಳಲಿ. ಜಾಹೀರಾತು ಬಂದಾಗ ಟಿವಿಯ ಸದ್ದು ನಿಲ್ಲಿಸಿ, ಇಲ್ಲಿ ಏನು ತೋರಿಸಿದರು, ಏನು ಹೇಳಲಿಲ್ಲ ಎಂದು ಕೇಳಿ. ಹೇಳದೆ ಬಿಟ್ಟ ವಾಕ್ಯವನ್ನು ಪೂರ್ತಿಯಾಗಿ ಅವನ ಬಾಯಲ್ಲೇ ಹೇಳಿಸಿ. ಬಾಯಲ್ಲಿ ಬಂದ ಮೇಲೆ ಅದು ಬರೀ ಒಂದು ಮಾತು. ಅದಕ್ಕೆ "ಸುಳ್ಳು" ಅನ್ನಲು ಅವನಿಗೆ ಬರುತ್ತದೆ. ಮುಖದ ಕ್ರೀಮಿಗೂ ಹಾಲಿನ ಪುಡಿಗೂ ಇದನ್ನೇ ಮಾಡಿ, ಮನೆಯ ದೊಡ್ಡವರನ್ನೂ ಕೂರಿಸಿಕೊಳ್ಳಿ.

ಎರಡನೆಯದು ದೂರು. ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಸರೋಗೇಟ್ ಜಾಹೀರಾತನ್ನು ಹೆಸರಿಸಿಯೇ ನಿಷೇಧಿಸುತ್ತದೆ. ಮಕ್ಕಳು ಕೊಳ್ಳುವಂತಿಲ್ಲದ ವಸ್ತುವಿನ ಜಾಹೀರಾತಿನಲ್ಲಿ ಕ್ರೀಡೆ, ಸಂಗೀತ, ಸಿನಿಮಾ ತಾರೆಯರು ಇರಬಾರದು ಎಂದೂ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜನ ಸುಮ್ಮನಿರದಿದ್ದರೆ ಪರಿಣಾಮ ಆಗುತ್ತದೆ. ಪಾನ್ ಮಸಾಲಾ ಹೆಸರಿನ ಏಲಕ್ಕಿ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಅಕ್ಷಯ್ ಕುಮಾರ್, ಅಭಿಮಾನಿಗಳು ಸಿಟ್ಟಾದ ಮೇಲೆ 2022ರ ಏಪ್ರಿಲ್‌ನಲ್ಲಿ ಕ್ಷಮೆ ಕೇಳಿ ಹಿಂದೆ ಸರಿದರು.

ಅದೇ ಹೆಸರಿನ ಸೋಡಾ ನಿಜಕ್ಕೂ ಇದೆ ಎಂದು ಕಂಪನಿಗಳು ವಾದಿಸುತ್ತವೆ. ಅದಕ್ಕೆ ನಿಮ್ಮ ಬಡಾವಣೆಯ ಎರಡು ಮೂರು ಕಿರಾಣಿ ಅಂಗಡಿಯಲ್ಲಿ ಆ ಸೋಡಾ ಕೊಡಿ ಎಂದು ಕೇಳಿ. ಸಿಗದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಜಾಹೀರಾತಿನ ಅಬ್ಬರಕ್ಕೂ ಆ ಸರಕಿನ ಮಾರಾಟಕ್ಕೂ ತಾಳೆ ಆಗುತ್ತಾ ಎಂದೇ ಇಂಥ ದೂರುಗಳಲ್ಲಿ ನೋಡುತ್ತಾರೆ. ಜಾಹೀರಾತಿನಲ್ಲಿ ಸೋಡಾ ಎಂದೇ ಇದ್ದರೂ ಹತ್ತು ವರ್ಷದ ಹುಡುಗ ಅದನ್ನು ವಿಸ್ಕಿ ಎಂದು ಗುರುತಿಸಿದ ಎಂಬುದೂ ಒಂದು ಗಟ್ಟಿ ಅಂಶ, ಅದನ್ನು ಬಿಡಬೇಡಿ. ಚಾನೆಲ್ ಹೆಸರು, ದಿನಾಂಕ, ಹೊತ್ತು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಹೆಸರು ಬರುವಾಗ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಆಸ್ಕಿ ಸಂಸ್ಥೆಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ಬರವಣಿಗೆಯಲ್ಲಿ ಕೊಡುವುದಾದರೆ ದಾವಣಗೆರೆಯಲ್ಲೇ ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ದಾರಿ ತಪ್ಪಿಸುವ ಜಾಹೀರಾತಿನ ದೂರು ತೆಗೆದುಕೊಳ್ಳುವ ಅಧಿಕಾರವನ್ನು ಕಾಯ್ದೆಯ 17ನೇ ಕಲಂ ಅವರಿಗೂ ಕೊಟ್ಟಿದೆ. ಒಂದು ಪ್ರತಿಗೆ ಕಚೇರಿಯ ಸೀಲು, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.